ಮಳೆಗಿಂತ ಮೊದಲು ಸೆಕೆಯನ್ನು ಲೆಕ್ಕಕ್ಕೆ ಹಿಡಿಯಿರಿ

ಪ್ರಶ್ನೆ: ನನಗೆ 54 ವರ್ಷ. ಅಂಬಲಪಾಡಿಯಲ್ಲಿ ಮನೆ, ಮಣಿಪಾಲದಲ್ಲಿ ಕೆಲಸ. ಒಂದು ದಾರಿಗೆ ಏಳೆಂಟು ಕಿಲೋಮೀಟರ್. ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಸ್ಕೂಟರ್ ಬಿಟ್ಟು ಸೈಕಲ್‌ನಲ್ಲಿ ಕೆಲಸಕ್ಕೆ ಹೋಗುವ ಆಸೆ ಇದೆ. ಆದರೆ ಇಂದ್ರಾಳಿಯಿಂದ ಮೇಲಿನ ಏರು ಮತ್ತು ನಮ್ಮ ಮಳೆಗಾಲ ನೆನೆದರೆ ಧೈರ್ಯ ಬರುವುದಿಲ್ಲ. 24 ವರ್ಷದ ಮಗಳು ಮಂಗಳೂರಿನ ಬಿಜೈಯಲ್ಲಿದ್ದು, ಬೈಕಂಪಾಡಿಯ ಕಾರ್ಖಾನೆಗೆ ಈಗಾಗಲೇ ಸೈಕಲ್‌ನಲ್ಲಿ ಹೋಗಿಬರುತ್ತಿದ್ದಾಳೆ. ಮೊಣಗಂಟು ನೋವು, ಬೇಗ ಸುಸ್ತು ಎನ್ನುತ್ತಾಳೆ. 72 ವರ್ಷದ ನನ್ನ ತಂದೆ ಮಲ್ಪೆಯ ಐಸ್ ಪ್ಲಾಂಟ್ ಒಂದರಲ್ಲಿ ಲೆಕ್ಕ ಬರೆಯಲು ಇವತ್ತಿಗೂ ತಮ್ಮ ಹಳೆಯ ಸೈಕಲ್‌ನಲ್ಲೇ ಹೋಗುತ್ತಾರೆ. ಒಂದು ಕಣ್ಣಿನ ಪೊರೆ ತೆಗೆಸಿದ್ದಾರೆ, ಇನ್ನೊಂದು ಬಾಕಿ ಇದೆ. ನಿಲ್ಲಿಸಿ ಎಂದರೆ ಕೇಳುವುದಿಲ್ಲ. ನಮ್ಮ ಮೂವರಲ್ಲಿ ಯಾರು ಸೈಕಲ್ ತುಳಿಯಬಹುದು? ಯಾವ ಕಾಲದಲ್ಲಿ ಬಿಡಬೇಕು?

— ಓದುಗರು, ಉಡುಪಿ

ಉತ್ತರ: ಮೂವರೂ ತುಳಿಯಬಹುದು. ಆದರೆ ಮೂವರಿಗೂ ಒಂದೇ ಬಗೆಯ ಸೈಕಲ್, ಒಂದೇ ಹೊತ್ತು, ಒಂದೇ ಎಚ್ಚರಿಕೆ ಹೊಂದುವುದಿಲ್ಲ. ನಿಮ್ಮ ಮಗಳಿಗೆ ಅಪಾಯವಿರುವುದು ಹೆದ್ದಾರಿಯಲ್ಲಿ, ನಿಮಗೆ ಏರಿನಲ್ಲಿ, ನಿಮ್ಮ ತಂದೆಯವರಿಗೆ ಸೈಕಲ್ ಹತ್ತುವ ಮತ್ತು ಇಳಿಯುವ ಹೊತ್ತಿನಲ್ಲಿ. ಮಳೆ ಈ ಮೂರನ್ನೂ ಹೆಚ್ಚಿಸುತ್ತದೆ ಎಂಬುದು ನಿಜ. ಆದರೆ ನಿಮ್ಮ ಪತ್ರದಲ್ಲಿ ಮಳೆಗಾಲದ ಹೆದರಿಕೆ ಇದೆ, ಏಪ್ರಿಲ್ ಮತ್ತು ಮೇ ತಿಂಗಳ ಸೆಕೆಯ ಮಾತೇ ಇಲ್ಲ. ಫಿಸಿಯೋಥೆರಪಿಸ್ಟ್ ಆಗಿ ಕರಾವಳಿಯ ಮೊಣಗಂಟು, ಸೊಂಟಗಳನ್ನು ವರ್ಷಗಟ್ಟಲೆ ನೋಡಿದ, ಸ್ವತಃ ಸೈಕಲ್‌ನಲ್ಲೇ ಕೆಲಸಕ್ಕೆ ಹೋಗುವ ನನಗೆ ಆ ಮೌನವೇ ಹೆಚ್ಚು ಕಳವಳ ತರುತ್ತದೆ. ಮಳೆ ಕೆಡಿಸುವುದು ಸೈಕಲನ್ನು ಮತ್ತು ರಸ್ತೆಯನ್ನು. ಸೆಕೆ ಹೃದಯದ ಮೇಲೆ ನೇರವಾಗಿ ಭಾರ ಹಾಕುತ್ತದೆ. ಮಾತ್ರೆ ತೆಗೆದುಕೊಳ್ಳುತ್ತಾ ದಿನವೂ ಗುಡ್ಡ ಏರಬೇಕಾದ ನಿಮಗೆ ಮೇ ತಿಂಗಳು ಜುಲೈಗಿಂತ ಕಷ್ಟದ್ದು.

ಏರಿನಿಂದ ಶುರುಮಾಡೋಣ, ಏಕೆಂದರೆ ಉಳಿದದ್ದೆಲ್ಲ ಅದಕ್ಕೆ ತಳಕು ಹಾಕಿಕೊಂಡಿದೆ. ಇಂದ್ರಾಳಿ ದಾಟಿ, ಲಕ್ಷ್ಮೀಂದ್ರನಗರ ಹಾದು, ಟೈಗರ್ ಸರ್ಕಲ್ ಮುಟ್ಟುವ ರಸ್ತೆಯನ್ನು ನೆನಪಿಗೆ ತಂದುಕೊಳ್ಳಿ. ಲೆಕ್ಕದ ಅನುಕೂಲಕ್ಕೆ ಒಟ್ಟು 60 ಮೀಟರ್ ಎತ್ತರ ಏರಬೇಕು, ನೂರು ಮೀಟರ್ ಮುಂದೆ ಹೋದರೆ ಐದು ಮೀಟರ್ ಮೇಲೇರುವ ದಾರಿ ಎಂದು ಇಟ್ಟುಕೊಳ್ಳೋಣ. ನೀವು, ಸೈಕಲ್, ಊಟದ ಡಬ್ಬಿ ಇರುವ ಚೀಲ ಎಲ್ಲ ಸೇರಿ 90 ಕಿಲೋ. ಅಷ್ಟು ಭಾರವನ್ನು ಅಷ್ಟು ಎತ್ತರಕ್ಕೆ ಒಯ್ಯಲು ಸುಮಾರು 53,000 ಜೂಲ್ ಶಕ್ತಿ ಬೇಕು. 24ರವರಿಗೂ 72ರವರಿಗೂ ಗುಡ್ಡ ಕೇಳುವುದು ಅಷ್ಟನ್ನೇ. ಎಷ್ಟು ಹೊತ್ತಿನಲ್ಲಿ ಕೊಡುತ್ತೇವೆ ಎಂಬುದರಲ್ಲಿ ಮಾತ್ರ ವಯಸ್ಸು ಕಾಣಿಸಿಕೊಳ್ಳುತ್ತದೆ. ಪೆಡಲಿಗೆ 150 ವ್ಯಾಟ್ ಕೊಡಬಲ್ಲವರು ಆರು ನಿಮಿಷದಲ್ಲಿ ಮೇಲಿರುತ್ತಾರೆ. 90 ವ್ಯಾಟ್ ಕೊಡುವವರಿಗೆ ಹತ್ತು ನಿಮಿಷ ಬೇಕು. ಟಯರಿನ ತಿಕ್ಕಾಟ ಸೇರಿಸಿದರೆ ಇಬ್ಬರಿಗೂ ಇನ್ನೊಂದಿಷ್ಟು. ಅಂತೂ ನಡುವಿನ ಅಂತರ ನಾಲ್ಕೈದು ನಿಮಿಷ. ನನ್ನ ಬಳಿಗೆ ಬರುವ ನಡುವಯಸ್ಸಿನ ಸವಾರರಲ್ಲಿ ಹೆಚ್ಚಿನವರು ಮೊಣಗಂಟು ಕೆಡಿಸಿಕೊಂಡಿರುವುದು ಈ ನಾಲ್ಕೈದು ನಿಮಿಷ ಉಳಿಸಲು ಹೋಗಿಯೇ.

ಈಗ ಗೇರ್ ವಿಚಾರ. 90 ವ್ಯಾಟ್‌ನಲ್ಲಿ ಅಂಥ ಏರಿನಲ್ಲಿ ನಿಮ್ಮ ವೇಗ ಗಂಟೆಗೆ ಸುಮಾರು ಆರು ಕಿಲೋಮೀಟರ್, ಅಂದರೆ ಚುರುಕಾಗಿ ನಡೆಯುವವರ ವೇಗ. ಚಕ್ರ ನಿಮಿಷಕ್ಕೆ 50 ಸುತ್ತು ಸುತ್ತುತ್ತದೆ. ಚೈನ್ ಕೂರುವ ಹಲ್ಲುಚಕ್ರಗಳಲ್ಲಿ ಮುಂದಿನದಕ್ಕೆ 44 ಹಲ್ಲು, ಹಿಂದಿನದಕ್ಕೆ 18 ಹಲ್ಲು ಇರುವ ಗೇರ್ ಇಲ್ಲದ ಸೈಕಲ್ ಆದರೆ ನಿಮ್ಮ ಕಾಲು ನಿಮಿಷಕ್ಕೆ 20 ಸುತ್ತು ಮಾತ್ರ ತಿರುಗುತ್ತದೆ, ಪ್ರತಿ ಸುತ್ತಿನಲ್ಲೂ ಪೆಡಲ್ ಮೇಲೆ ಸರಾಸರಿ 25 ಕಿಲೋ ಭಾರ ಒತ್ತುತ್ತಲೇ ಇರಬೇಕು. ಮುಂದೆ 28, ಹಿಂದೆ 34 ಹಲ್ಲಿನ ಗೇರ್ ಇದ್ದರೆ ಅದೇ ವೇಗಕ್ಕೆ ಕಾಲು 60 ಸುತ್ತು ತಿರುಗುತ್ತದೆ, ಒತ್ತಬೇಕಾದ ಭಾರ ಎಂಟೊಂಬತ್ತು ಕಿಲೋಗೆ ಇಳಿಯುತ್ತದೆ. ಒಂದೇ ಗುಡ್ಡ, ಒಂದೇ ಮನುಷ್ಯ, ಒಂದೇ ಶ್ರಮ. ಮೊಣಗಂಟಿನ ಚಿಪ್ಪಿನ ಹಿಂದೆ ಬೀಳುವ ಒತ್ತಡ ಮಾತ್ರ ಮೂರನೇ ಒಂದು ಭಾಗ. ಆದ್ದರಿಂದ ಅಂಗಡಿಗೆ ಹೋದಾಗ ಸೈಕಲ್‌ನಲ್ಲಿ ಎಷ್ಟು ಗೇರ್ ಇವೆ ಎಂದು ಕೇಳಬೇಡಿ. 21 ಎಂದರೂ 24 ಎಂದರೂ ನಿಮಗೆ ಅದರಿಂದ ತಿಳಿಯುವುದು ಏನೂ ಇಲ್ಲ. ಮುಂದಿನ ಅತಿ ಚಿಕ್ಕ ಹಲ್ಲುಚಕ್ರಕ್ಕೆ ಎಷ್ಟು ಹಲ್ಲು, ಹಿಂದಿನ ಅತಿ ದೊಡ್ಡ ಹಲ್ಲುಚಕ್ರಕ್ಕೆ ಎಷ್ಟು ಹಲ್ಲು ಎಂದು ಕೇಳಿ, ನಿಂತು ಎಣಿಸಿ. ಹಿಂದಿನದು ಮುಂದಿನದಕ್ಕಿಂತ ದೊಡ್ಡದಾಗಿರಲಿ. ಮಣಿಪಾಲಕ್ಕೆ ಹೋಗುವವರಿಗೆ, ಮಂಗಳೂರಿನಲ್ಲಿ ಕದ್ರಿ, ಬೆಂದೂರು, ಬಾವುಟಗುಡ್ಡೆ ಏರುವವರಿಗೆ ಇದಕ್ಕಿಂತ ದೊಡ್ಡ ಸಲಹೆ ನನ್ನಲ್ಲಿಲ್ಲ.

ಇಷ್ಟಾದರೂ ಏರು ಭಾರವೆನಿಸಿದರೆ ಇಳಿದು ತಳ್ಳಿ. ಯಾರಾದರೂ ನೋಡುತ್ತಾರೆ ಎಂಬ ಅಳುಕು ಬೇಡ. ಸೈಕಲ್ ತಳ್ಳಿಕೊಂಡು ಗುಡ್ಡ ಹತ್ತುವುದು ಒಳ್ಳೆಯ ನಡಿಗೆ, ಮೂಳೆಗೆ ಅದು ಪೆಡಲ್ ತುಳಿಯುವುದಕ್ಕಿಂತಲೂ ಹಿತ. ಬ್ಯಾಟರಿ ನೆರವಿನ ಸೈಕಲ್ ಕೂಡ ಒಂದು ದಾರಿ. ಮೋಟಾರಿನ ಶಕ್ತಿ 250 ವ್ಯಾಟ್‌ಗಿಂತ ಕಡಿಮೆ, ಗರಿಷ್ಠ ವೇಗ ಗಂಟೆಗೆ 25 ಕಿಲೋಮೀಟರ್ ಒಳಗೆ ಇದ್ದರೆ ಅದಕ್ಕೆ ನೋಂದಣಿಯೂ ಪರವಾನಗಿಯೂ ಬೇಕಿಲ್ಲ. ಬರಿಯ ಆಕ್ಸಿಲರೇಟರ್ ತಿರುಗಿಸಿ ಹೋಗುವುದಕ್ಕಿಂತ, ಪೆಡಲ್ ತುಳಿದಾಗ ಮಾತ್ರ ನೆರವು ಕೊಡುವ ಬಗೆಯನ್ನು ಆರಿಸಿಕೊಳ್ಳಿ. ಆಗ ಕಾಲಿಗೂ ಹೃದಯಕ್ಕೂ ಕೆಲಸ ಇದ್ದೇ ಇರುತ್ತದೆ, ಏರಿನ ತುತ್ತತುದಿಯ ಕಷ್ಟ ಮಾತ್ರ ತಪ್ಪುತ್ತದೆ.

ಶುರುಮಾಡುವ ಮೊದಲು ಒಮ್ಮೆ ನಿಮ್ಮ ವೈದ್ಯರನ್ನು ಕಾಣಿ, ಮಾತ್ರೆಯ ಚೀಟಿ ಜೊತೆಗಿರಲಿ. "ಏರು ರಸ್ತೆಯಲ್ಲಿ ಸೈಕಲ್ ತುಳಿಯಲಿದ್ದೇನೆ" ಎಂದು ಬಿಡಿಸಿ ಹೇಳಿ. ಬರೀ "ವ್ಯಾಯಾಮ" ಎಂದರೆ ಅವರು ಸಂಜೆಯ ವಾಕಿಂಗ್ ಎಂದುಕೊಳ್ಳುತ್ತಾರೆ. ಟ್ರೆಡ್‌ಮಿಲ್ ಪರೀಕ್ಷೆ ಬೇಕೇ ಎಂಬುದನ್ನು ಅವರು ತೀರ್ಮಾನಿಸಲಿ. ನಿಮ್ಮ ಮಾತ್ರೆ ಅಟೆನೊಲಾಲ್, ಮೆಟೊಪ್ರೊಲಾಲ್ ಗುಂಪಿನದಾದರೆ ನಾಡಿಬಡಿತ ಹೆಚ್ಚು ಏರದಂತೆ ಅದು ತಡೆಹಿಡಿಯುತ್ತದೆ, ಹಾಗಾಗಿ ಕೈಗೆ ಕಟ್ಟಿಕೊಳ್ಳುವ ಗಡಿಯಾರ ತೋರಿಸುವ ಬಡಿತದ ಲೆಕ್ಕ ನಿಮಗೆ ಸಲ್ಲದು. ಮೂತ್ರ ಹೆಚ್ಚಿಸುವ ಮಾತ್ರೆಯಾದರೆ ಬೇಸಗೆಯಲ್ಲಿ ದೇಹದ ನೀರು, ಉಪ್ಪು ಬೇಗ ಇಳಿಯುತ್ತದೆ. ಯಾವ ಮಾತ್ರೆಯನ್ನೂ ನೀವಾಗಿ ನಿಲ್ಲಿಸಬೇಡಿ. ಶ್ರಮ ಹೆಚ್ಚಾಯಿತೇ ಎಂದು ತಿಳಿಯಲು ಮಾತೇ ಒಳ್ಳೆಯ ಅಳತೆ: ಏರಿನಲ್ಲಿ ಒಂದು ಪೂರ್ತಿ ವಾಕ್ಯ ತಡೆಯಿಲ್ಲದೆ ಹೇಳಲಾಗುತ್ತಿದ್ದರೆ ಸರಿ, ಎರಡು ಪದಕ್ಕೊಮ್ಮೆ ಉಸಿರು ಎಳೆಯಬೇಕಾದರೆ ಗೇರ್ ಇಳಿಸಿ. ಎದೆ ಬಿಗಿದಂತಾದರೆ, ದವಡೆಗೋ ಎಡತೋಳಿಗೋ ನೋವು ಹಬ್ಬಿದರೆ, ತಣ್ಣನೆಯ ಬೆವರು ಬಂದರೆ ಅದು ಅಸಿಡಿಟಿ ಎಂದುಕೊಂಡು ಮುಂದೆ ಹೋಗಬೇಡಿ. ಅಲ್ಲೇ ನಿಂತು 108ಕ್ಕೆ ಕರೆ ಮಾಡಿ.

ಇನ್ನು ಸೆಕೆ. ಪೆಡಲಿಗೆ 90 ವ್ಯಾಟ್ ಕೊಡುವಾಗ ನಿಮ್ಮ ಸ್ನಾಯುಗಳು ಅದರ ಮೂರು ಪಟ್ಟಿಗಿಂತ ಹೆಚ್ಚು ಶಾಖವನ್ನು ಒಳಗೇ ಹುಟ್ಟಿಸುತ್ತಿರುತ್ತವೆ. ಆ ಶಾಖ ಹೊರಹೋಗಲು ಇರುವ ಮುಖ್ಯ ದಾರಿ ಬೆವರು, ಅದೂ ಆವಿಯಾದರೆ ಮಾತ್ರ. ಒಂದು ಲೀಟರ್ ಬೆವರು ಆವಿಯಾಗುವಾಗ ಸುಮಾರು 2,400 ಕಿಲೋಜೂಲ್ ಶಾಖವನ್ನು ಒಯ್ಯುತ್ತದೆ; ಹನಿಹನಿಯಾಗಿ ನೆಲಕ್ಕೆ ಬಿದ್ದರೆ ಒಯ್ಯುವುದು ಬಹುತೇಕ ಏನೂ ಇಲ್ಲ. ಬಳ್ಳಾರಿ, ಕಲಬುರಗಿಯಲ್ಲಿ 40 ಡಿಗ್ರಿ ಇದ್ದರೂ ಗಾಳಿ ಒಣಗಿರುವುದರಿಂದ ಬೆವರು ಆರುತ್ತದೆ. ನಮ್ಮಲ್ಲಿ 33, 34 ಡಿಗ್ರಿಯೇ ಇರಲಿ, ಗಾಳಿ ಆಗಲೇ ನೀರು ಕುಡಿದು ತುಂಬಿಕೊಂಡಿರುತ್ತದೆ. ಅಂಗಿ ಒದ್ದೆ, ಮೈ ಬಿಸಿ. ಸಮತಟ್ಟು ರಸ್ತೆಯಲ್ಲಿ ಸೈಕಲ್ ಓಟವೇ ಒಂದಿಷ್ಟು ಗಾಳಿ ಕೊಡುತ್ತದೆ. ಗಂಟೆಗೆ ಆರು ಕಿಲೋಮೀಟರ್ ವೇಗದ ಏರಿನಲ್ಲಿ ಆ ಗಾಳಿಯೂ ನಿಂತುಹೋಗುತ್ತದೆ. ಶಾಖ ಅತಿ ಹೆಚ್ಚು ಹುಟ್ಟುವ ಜಾಗ ಮತ್ತು ಗಾಳಿ ಅತಿ ಕಡಿಮೆ ಸಿಗುವ ಜಾಗ ಒಂದೇ ಆಗಿಬಿಡುತ್ತದೆ. ಮೈ ತಣಿಸಲು ಹೃದಯ ಚರ್ಮಕ್ಕೂ ರಕ್ತ ಕಳಿಸಬೇಕು, ತುಳಿಯಲು ಕಾಲಿಗೂ ಕಳಿಸಬೇಕು. ವಯಸ್ಸಾದಂತೆ ಬೆವರುವುದು ತಡವಾಗುತ್ತದೆ, ಬಾಯಾರಿಕೆಯ ಅರಿವೂ ಕುಂದುತ್ತದೆ. ಮಗಳಿಗೆ ಸುಸ್ತೆನಿಸುವ ದಿನ ನಿಮಗೆ ತಲೆ ತಿರುಗಬಹುದು.

ಇದಕ್ಕೆ ಮದ್ದು ಹೊತ್ತು ಬದಲಿಸುವುದು. ಎಂಟೂಮುಕ್ಕಾಲಿಗೆ ಹೊರಡುವವರು ಮಾರ್ಚ್‌ನಿಂದ ಮೇ ಕೊನೆಯ ಪತ್ತನಾಜೆಯವರೆಗೆ ಏಳರೊಳಗೆ ಹೊರಟುಬಿಡಿ. ಕಚೇರಿಯಲ್ಲಿ ಮುಖ ತೊಳೆದು, ಅಂಗಿ ಬದಲಿಸಿ, ಒಂದು ಗಂಟೆ ಮೊದಲೇ ಕೆಲಸ ಶುರುಮಾಡಲು ಒಪ್ಪಿಗೆ ಸಿಗುವುದೇ ಎಂದು ಕೇಳಿ. ಸಿಗದಿದ್ದರೆ ಆ ತಿಂಗಳುಗಳಲ್ಲಿ ಕಡಿಯಾಳಿಯವರೆಗೆ ಸೈಕಲ್‌ನಲ್ಲಿ ಬಂದು, ಪರಿಚಯದ ಅಂಗಡಿಯಲ್ಲಿ ಅದನ್ನು ಬಿಟ್ಟು, ಮೇಲಕ್ಕೆ ಸಿಟಿ ಬಸ್ ಹಿಡಿಯಿರಿ. ಸಂಜೆ ಇಳಿಜಾರು, ಕಡಲಗಾಳಿ ಎದುರಿಗೆ ಬರುತ್ತದೆ. ಸೆಕೆಯ ಅಪಾಯ ಆಗ ಕಡಿಮೆ. ಹೊರಡುವ ಮುನ್ನ ಒಂದು ದೊಡ್ಡ ಲೋಟ ನೀರು, ಜೊತೆಗೊಂದು ಬಾಟಲಿ ಸಾಕು. ಪುನರ್ಪುಳಿ ಶರಬತ್ತು, ಬೊಂಡ (ಎಳನೀರು) ಎರಡೂ ಒಳ್ಳೆಯದೇ. ಗಂಜಿಯ ಜೊತೆಗಿನ ಉಪ್ಪಿನಕಾಯಿಯನ್ನು ಬೆವರಿನ ನೆಪ ಹೇಳಿ ಹೆಚ್ಚು ಮಾಡಬೇಡಿ, ನಿಮ್ಮ ರಕ್ತದೊತ್ತಡ ಅದನ್ನು ಸಹಿಸುವುದಿಲ್ಲ. ತಲೆನೋವು, ವಾಕರಿಕೆ, ಬಿಸಿಲಿನಲ್ಲೂ ಮೈ ಜುಮ್ಮೆನ್ನುವುದು ಶುರುವಾದರೆ ಅಂದಿನ ಸವಾರಿ ಅಲ್ಲಿಗೇ ಮುಗಿಯಿತು. ಯಾರಾದರೂ ಮಾತು ತಡವರಿಸಿ ಅಡ್ಡಾದಿಡ್ಡಿ ವರ್ತಿಸಿದರೆ ತಡಮಾಡದೆ ನೆರಳಿಗೆ ಒಯ್ದು ಮೈಮೇಲೆ ನೀರು ಸುರಿಯುತ್ತಲೇ ಆಸ್ಪತ್ರೆಗೆ ಸಾಗಿಸಬೇಕು.

ಶಾಖಕ್ಕೆ ದೇಹ ಒಗ್ಗಿಕೊಳ್ಳಲು ಹತ್ತರಿಂದ ಹದಿನಾಲ್ಕು ದಿನಗಳ ಅಭ್ಯಾಸ ಬೇಕು, ಬಿಟ್ಟರೆ ಕೆಲವೇ ವಾರಗಳಲ್ಲಿ ಅದು ಹೋಗುತ್ತದೆ. ಅದಕ್ಕಾಗಿಯೇ ನೀವು ನವೆಂಬರಿನಲ್ಲಿ ಶುರುಮಾಡಬೇಕು ಎನ್ನುತ್ತೇನೆ. ಬೆಳಗ್ಗೆ ಮೂಡಣದ ತಂಪು ಗಾಳಿ, ಒಣ ರಸ್ತೆ. ಮೊದಲ ಎರಡು ವಾರ ಕಲ್ಸಂಕ, ಕಡಿಯಾಳಿಯವರೆಗೆ ಹೋಗಿಬನ್ನಿ. ಆಮೇಲೆ ಒಂದು ಭಾನುವಾರ, ಕಚೇರಿಯ ಅವಸರವಿಲ್ಲದಾಗ, ಏರನ್ನು ಪ್ರಯತ್ನಿಸಿ. ಆ ತಿಂಗಳುಗಳಲ್ಲಿ ನಿಮ್ಮ ದಾರಿಗೆ ಒಂದು ವಿಶೇಷ ತೊಂದರೆಯಿದೆ. ಮಣಿಪಾಲ ಉಡುಪಿಗೆ ಮೂಡಣದಲ್ಲಿದೆ, ಹೋಗುವಾಗ ಸೂರ್ಯ ಎದುರಿಗೆ. ಸಂಜೆ ಪಡುವಣಕ್ಕೆ ಮರಳುವಾಗಲೂ ಎದುರಿಗೇ. ನಿಮ್ಮ ಕಣ್ಣಿಗೆ ಟೋಪಿಯ ಅಂಚು ನೆರಳಾದೀತು, ಆದರೆ ನಿಮ್ಮ ಹಿಂದೆ ಬರುವ ಬಸ್ ಚಾಲಕರ ಕಣ್ಣೂ ಕೋರೈಸುತ್ತಿರುತ್ತದೆ. ಹಗಲಿನಲ್ಲೂ ಹಿಂದಿನ ಕೆಂಪು ದೀಪ ಹೊತ್ತಿಕೊಂಡಿರಲಿ.

ದಿನವೂ ಹೋಗಲೇಬೇಕು ಎಂಬ ಹಟ ಬೇಡ. ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಹದವಾದ ವ್ಯಾಯಾಮ ಮಾಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ನಿಮ್ಮ ದಾರಿಗೆ ಹೋಗಿಬರಲು ಒಟ್ಟು 70 ನಿಮಿಷ ಹಿಡಿದರೆ, ವಾರಕ್ಕೆ ಮೂರು ದಿನಕ್ಕೇ 210 ನಿಮಿಷ. ಉಳಿದ ದಿನ ನೆಮ್ಮದಿಯಾಗಿ ಸ್ಕೂಟರಿನಲ್ಲೋ ಬಸ್ಸಿನಲ್ಲೋ ಹೋಗಿ. ದಿನ ತಪ್ಪಿಸುವ ಸ್ವಾತಂತ್ರ್ಯ ಇಟ್ಟುಕೊಂಡವರೇ ವರ್ಷಗಟ್ಟಲೆ ಸೈಕಲ್ ಬಿಡದೆ ಉಳಿದಿರುವುದನ್ನು ನಾನು ಕಂಡಿದ್ದೇನೆ.

ಮಳೆಗಾಲಕ್ಕೆ ಬರೋಣ. ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಜಿಲ್ಲೆ ನಮ್ಮದು, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆದರೂ ಆಟಿ ತಿಂಗಳ (ಜುಲೈ–ಆಗಸ್ಟ್) ಬೆಳಗ್ಗೆಯಲ್ಲಿ ತಾಪ 24, 25 ಡಿಗ್ರಿ. ಏರು ಹತ್ತಲು ಇದಕ್ಕಿಂತ ಹದವಾದ ಹವೆ ಕರಾವಳಿಯಲ್ಲಿ ಬೇರೆ ಇಲ್ಲ. ನೆನೆಯುತ್ತೀರಿ, ಅಷ್ಟೇ. ದಪ್ಪ ರೈನ್‌ಕೋಟ್ ತೊಟ್ಟು ಗುಡ್ಡ ಹತ್ತಿದರೆ ಒಳಗಿನ ಬೆವರಿನಿಂದಲೂ ಅಷ್ಟೇ ಒದ್ದೆಯಾಗುತ್ತೀರಿ, ಮೇಲಿಂದ ಸೆಕೆ ಬೇರೆ. ಏರಿನಲ್ಲಿ ತೆಳುವಾದ ಅಂಗಿಯಲ್ಲೇ ನೆನೆಯಿರಿ, ಒಣ ಬಟ್ಟೆ ಮತ್ತು ಟವಲು ಪ್ಲಾಸ್ಟಿಕ್ ಚೀಲದೊಳಗೆ ಭದ್ರವಾಗಿರಲಿ, ಜಾಕೆಟ್ ಇಳಿಜಾರಿಗೆ ಸಾಕು. ಕಚೇರಿ ಮುಟ್ಟಿದ ಕೂಡಲೇ ಪೂರ್ತಿ ಬದಲಿಸಿ. ಒದ್ದೆ ಒಳಉಡುಪಿನಲ್ಲಿ ದಿನ ಕಳೆದರೆ ತೊಡೆಸಂದಿಯಲ್ಲಿ ಗಜಕರ್ಣ ಏಳುವುದು ಖಂಡಿತ. ಕಾಲಿಗೆ ಗಾಯವಿದ್ದರೆ ನೀರು ನುಗ್ಗದಂತೆ ಮುಚ್ಚಿಕೊಳ್ಳಿ. ನಮ್ಮ ಎರಡೂ ಜಿಲ್ಲೆಗಳಲ್ಲಿ ಮಳೆಗಾಲಕ್ಕೆ ಇಲಿಜ್ವರ ಹೊಸತಲ್ಲ. ಅದರ ರೋಗಾಣು ನಿಂತ ನೀರಿನಿಂದ ಗಾಯದ ಮೂಲಕ ಒಳಹೋಗಬಲ್ಲದು. ಜ್ವರದೊಂದಿಗೆ ಮೀನಖಂಡ ಸಿಡಿದರೆ, ಕಣ್ಣು ಕೆಂಪಾದರೆ ವೈದ್ಯರಿಗೆ "ನೀರಿನಲ್ಲಿ ಓಡಾಡಿದ್ದೇನೆ" ಎಂದು ಹೇಳುವುದನ್ನು ಮರೆಯಬೇಡಿ.

ಮಳೆಯ ನಿಜವಾದ ಅಪಾಯ ಸಂಜೆ ಮಣಿಪಾಲದಿಂದ ಇಳಿಯುವಾಗ. ತುಳಿಯದೆಯೇ ಸೈಕಲ್ ಗಂಟೆಗೆ 40 ಕಿಲೋಮೀಟರ್ ಮುಟ್ಟಬಲ್ಲ ಇಳಿಜಾರು, ಮುಸುಕು ಬೆಳಕು, ಪಕ್ಕದಲ್ಲಿ ಬಸ್. ರಿಮ್ ಹಿಡಿಯುವ ಬ್ರೇಕ್ ಆದರೆ ಮೊದಲ ಒಂದೆರಡು ಸುತ್ತು ನೀರು ಒರೆಸುವುದರಲ್ಲೇ ಕಳೆಯುತ್ತದೆ, ಆಮೇಲಷ್ಟೇ ಹಿಡಿತ ಸಿಗುತ್ತದೆ. ಹಾಗಾಗಿ ಇಳಿಜಾರಿನ ಉದ್ದಕ್ಕೂ ಆಗಾಗ ಮೆಲ್ಲಗೆ ಬ್ರೇಕ್ ಒತ್ತಿ ರಿಮ್ ಒರೆಸುತ್ತಿರಿ, ಎರಡೂ ಬ್ರೇಕ್ ಒಟ್ಟಿಗೆ, ಸೈಕಲ್ ನೇರವಾಗಿರುವಾಗ. ಹೊಸದನ್ನು ಕೊಳ್ಳುವುದಾದರೆ ಡಿಸ್ಕ್ ಬ್ರೇಕ್ ಇರಲಿ. ಮಳೆ ನಾಡಿನಲ್ಲಿ ಅದಕ್ಕೆ ಕೊಟ್ಟ ಹೆಚ್ಚಿನ ಹಣ ವ್ಯರ್ಥವಲ್ಲ. ನಮ್ಮ ಮುರಕಲ್ಲಿನ ಕೆಂಪು ಕೆಸರಿನಲ್ಲಿರುವ ಮರಳಿನ ಕಣಗಳು ಬ್ರೇಕ್ ರಬ್ಬರನ್ನು ಒಂದೇ ಮಳೆಗಾಲದಲ್ಲಿ ತಿಂದುಹಾಕುತ್ತವೆ, ರಿಮ್ಮನ್ನೂ ಸವೆಸುತ್ತವೆ. ಎರಡು ಚಕ್ರಕ್ಕೂ ಪೂರ್ತಿ ಮಡ್‌ಗಾರ್ಡ್, ಟಯರ್ ಅಗಲವಾದದ್ದು, ಗಾಳಿ ಬೇಸಗೆಗಿಂತ ಸ್ವಲ್ಪ ಕಡಿಮೆ. ಚೈನ್‌ಗೆ ಒರೆಸಿ ಎಣ್ಣೆ ಹಾಕುವ ಕೆಲಸ ವಾರಕ್ಕೊಮ್ಮೆ ತಪ್ಪದಿರಲಿ, ಉಪ್ಪುಗಾಳಿ ಮತ್ತು ಮಳೆ ಸೇರಿದರೆ ತುಕ್ಕಿಗೆ ನಾಲ್ಕು ದಿನ ಸಾಕು.

ರಸ್ತೆಯ ಬಗ್ಗೆ: ತಳ ಕಾಣದ ನೀರಿಗೆ ಚಕ್ರ ಇಳಿಸಬೇಡಿ. ಅದರಡಿ ಗುಂಡಿಯೂ ಇರಬಹುದು, ಚರಂಡಿಯ ಚಪ್ಪಡಿ ಜಾರಿದ ಬಾಯಿಯೂ ಇರಬಹುದು. ರಸ್ತೆಯಂಚಿನ ಪಾಚಿ, ಬಿಳಿ ಬಣ್ಣದ ಪಟ್ಟೆ, ಮ್ಯಾನ್‌ಹೋಲ್ ಮುಚ್ಚಳ, ಇಂಟರ್‌ಲಾಕ್ ಕಲ್ಲು ಎಲ್ಲವೂ ಒದ್ದೆಯಾದಾಗ ಜಾರುತ್ತವೆ. ಕಾಂಕ್ರೀಟ್ ರಸ್ತೆಯ ಅಂಚು ಪಕ್ಕದ ಮಣ್ಣಿಗಿಂತ ಗೇಣೆತ್ತರ ಇರುವ ಕಡೆ, ಹಾರ್ನ್ ಕೇಳಿತೆಂದು ಗಾಬರಿಯಿಂದ ಎಡಕ್ಕೆ ಇಳಿಯುವವರೇ ಹೆಚ್ಚು ಬೀಳುವುದು. ಅಂಚಿನಿಂದ ಎರಡು ಅಡಿ ಒಳಗೆ, ನೇರವಾಗಿ ಹೋಗಿ. ಆ ಎರಡು ಅಡಿ ನಿಮ್ಮ ಹಕ್ಕು, ನಿಮಗೆ ಬೇಕಾದಾಗ ಸರಿಯಲು ಇರುವ ಜಾಗವೂ ಅದೇ.

ಗುಡುಗು ಬೇರೆ ವಿಷಯ. ಜುಲೈ ಮಳೆಯಲ್ಲಿ ಸಿಡಿಲು ಕಡಿಮೆ. ಏಪ್ರಿಲ್–ಮೇ ಮತ್ತು ಅಕ್ಟೋಬರಿನ ಸಂಜೆಗಳಲ್ಲಿ ಹೆಚ್ಚು. ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರಿನೊಳಗೆ ಇದೆ ಎಂದರ್ಥ. ಕಚೇರಿಯಲ್ಲೇ ಉಳಿಯಿರಿ, ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಬಿಟ್ಟು ಹೊರಡಿ. ಗುಡ್ಡದ ಮೇಲೆ ಮರದಡಿ ನಿಲ್ಲುವುದು ಮಳೆಯಲ್ಲಿ ನೆನೆಯುವುದಕ್ಕಿಂತ ಎಷ್ಟೋ ಪಾಲು ಕೆಟ್ಟದ್ದು.

ನಿಮ್ಮ ಮಗಳ ವಿಷಯ. ಮೊಣಗಂಟಿನ ಮುಂಭಾಗದಲ್ಲಿ ನೋವಿದ್ದರೆ ಮೊದಲು ಸೀಟಿನ ಎತ್ತರ ನೋಡಲು ಹೇಳಿ. ಎರಡೂ ಪಾದ ನೆಲಕ್ಕೆ ಊರಬೇಕೆಂದು ನಮ್ಮ ಊರುಗಳಲ್ಲಿ ಬಹಳ ಮಂದಿ ಸೀಟನ್ನು ತೀರ ಕೆಳಗೆ ಇಟ್ಟುಕೊಳ್ಳುತ್ತಾರೆ, ಮೊಣಗಂಟು ಪ್ರತಿ ಸುತ್ತಿನಲ್ಲೂ ಅತಿಯಾಗಿ ಮಡಚುತ್ತದೆ. ಸೀಟಿನಲ್ಲಿ ಕುಳಿತು ಪೆಡಲ್ ಕೆಳತುದಿಯಲ್ಲಿರುವಾಗ ಹಿಮ್ಮಡಿ ಅದರ ಮೇಲಿಟ್ಟರೆ ಕಾಲು ನೇರವಾಗಬೇಕು. ಆಮೇಲೆ ಪಾದದ ಮುಂಭಾಗದಿಂದ ತುಳಿದಾಗ ಮೊಣಗಂಟಿನಲ್ಲಿ ಚೂರು ಬಾಗು ಉಳಿಯುತ್ತದೆ. ಒಂದು ಸ್ಪ್ಯಾನರಿನ ಕೆಲಸ. ಎರಡು ವಾರದಲ್ಲಿ ನೋವು ಇಳಿಯದಿದ್ದರೆ ಯಾರಿಗಾದರೂ ತೋರಿಸಲಿ. ಬೇಗ ಸುಸ್ತಾಗುವುದಕ್ಕೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಲಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇಕಡಾ 57 ಮಂದಿಗೆ ರಕ್ತಹೀನತೆ ಇದೆ. ಅದನ್ನು ಅಭ್ಯಾಸದ ಕೊರತೆ ಎಂದುಕೊಂಡು ಇನ್ನಷ್ಟು ತುಳಿದರೆ ಪ್ರಯೋಜನವಿಲ್ಲ.

ಅವಳ ದಾರಿ ಬಹುಮಟ್ಟಿಗೆ ಸಮತಟ್ಟು, ದೇಹಕ್ಕೆ ಹಗುರ. ಆದರೆ ಕೊಟ್ಟಾರ ಚೌಕಿಯಿಂದ ಮುಂದೆ ರಾಷ್ಟ್ರೀಯ ಹೆದ್ದಾರಿ 66, ಕೂಳೂರು ಸೇತುವೆ, ಪಣಂಬೂರಿನ ಬಂದರಿಗೆ ಹೋಗುವ ಲಾರಿ, ಟ್ಯಾಂಕರ್. ನಿಂತ ಲಾರಿಯ ಎಡಬದಿಯಿಂದ ನುಸುಳಿ ಮುಂದೆ ಹೋಗುವ ಅಭ್ಯಾಸವಿದ್ದರೆ ಇಂದೇ ಬಿಡಲಿ. ಲಾರಿಯ ಚಾಲಕರಿಗೆ ಆ ಬದಿಯ ಸೈಕಲ್ ಕನ್ನಡಿಯಲ್ಲಿ ಕಾಣುವುದಿಲ್ಲ. ಸಿಟಿ ಬಸ್ ತನ್ನನ್ನು ಹಿಂದಿಕ್ಕಿದ ಕೂಡಲೇ ಅದು ಎಡಕ್ಕೆ ತಿರುಗಿ ನಿಲ್ಲುತ್ತದೆ ಎಂದೇ ಎಣಿಸಿ ವೇಗ ತಗ್ಗಿಸಲಿ. ಸೇತುವೆಯ ಮೇಲೆ ಬದಿಗೆ ಸರಿಯಲು ಜಾಗವಿಲ್ಲ. ಹಿಂದೆ ದೊಡ್ಡ ವಾಹನಗಳ ಸಾಲು ಬರುತ್ತಿದ್ದರೆ ಸೇತುವೆಗೆ ಮೊದಲೇ ನಿಂತು ಅವನ್ನು ಹೋಗಬಿಡಲಿ. ಚೂಡಿದಾರದ ಶಾಲನ್ನು ಚೀಲದೊಳಗೆ ಹಾಕಲಿ, ಚಕ್ರಕ್ಕೆ ಸಿಕ್ಕಿದರೆ ಪ್ರಾಣಕ್ಕೇ ಸಂಚಕಾರ. ಹೆಲ್ಮೆಟ್ ನಿಮ್ಮ ಮೂವರಿಗೂ ಬೇಕು. ಮಳೆಗಾಲದಲ್ಲಿ ಕತ್ತಲಾದ ಮೇಲೆ ಆ ಹೆದ್ದಾರಿಯಲ್ಲಿ ಸೈಕಲ್ ಬೇಡವೇ ಬೇಡ, ಎಷ್ಟೇ ಗಟ್ಟಿಗಳಾಗಿದ್ದರೂ. ಪಾಳಿ ಮುಗಿಯುವುದು ತಡವಾಗುವ ದಿನ ಸೈಕಲ್ ಕಾರ್ಖಾನೆಯಲ್ಲೇ ಉಳಿಯಲಿ, ಅವಳು ಬಸ್ಸಿನಲ್ಲಿ ಬರಲಿ.

ನಿಮ್ಮ ತಂದೆಯವರನ್ನು ನಿಲ್ಲಿಸಲು ನೀವು ಮಾಡುತ್ತಿರುವ ಪ್ರಯತ್ನವನ್ನು ಸ್ವಲ್ಪ ಬದಲಿಸಿಕೊಳ್ಳಿ ಎಂದು ಕೇಳಿಕೊಳ್ಳುತ್ತೇನೆ. ಅಂಬಲಪಾಡಿಯಿಂದ ಮಲ್ಪೆಗೆ ಏರಿಲ್ಲ. ಇಷ್ಟು ವರ್ಷ ತುಳಿದ ಕಾಲು, ಶ್ವಾಸಕೋಶ ಅವರ ಜೊತೆಗಿದೆ. ಮೂವತ್ತು ದಾಟಿದ ಮೇಲೆ ವ್ಯಾಯಾಮವಿಲ್ಲದ ದೇಹದ ಗರಿಷ್ಠ ಸಾಮರ್ಥ್ಯ ಹತ್ತು ವರ್ಷಕ್ಕೆ ಸುಮಾರು ಶೇಕಡಾ 10ರಂತೆ ಇಳಿಯುತ್ತದೆ, ವ್ಯಾಯಾಮ ಬಿಡದವರಲ್ಲಿ ಇಳಿಕೆ ನಿಧಾನ. ಸಮತಟ್ಟು ರಸ್ತೆಯಲ್ಲಿ ಉಸಿರಿನ ಮಟ್ಟಿಗೆ ಅವರು ನಿಮಗಿಂತ ಗಟ್ಟಿಯಾಗಿದ್ದರೆ ನನಗೆ ಆಶ್ಚರ್ಯವಿಲ್ಲ. ಅವರ ಸಮಸ್ಯೆ ಬೀಳುವುದು. ಹಳೆಯ ಸೈಕಲ್ಲಿನ ಎತ್ತರದ ಅಡ್ಡದಂಡದ ಮೇಲೆ ಕಾಲು ಎತ್ತಿ ಹಾಕುವಾಗ, ನಿಂತ ಸೈಕಲ್‌ನಿಂದ ಇಳಿಯುವಾಗ ಸೊಂಟದ ಮೂಳೆ ಮುರಿಯುತ್ತದೆ. ಅಡ್ಡದಂಡ ಇಲ್ಲದ, ಹೆಂಗಸರ ಸೈಕಲ್ ಎಂದು ಅಂಗಡಿಯವರು ಕರೆಯುವ ಚೌಕಟ್ಟು ಎಪ್ಪತ್ತರ ಗಂಡಸರಿಗೂ ಅತ್ಯುತ್ತಮ. ಸೀಟು ಇವರಿಗೆ ಮಾತ್ರ ಒಂದು ಬೆರಳು ತಗ್ಗಿರಲಿ, ಪಾದ ಬೇಗ ನೆಲಕ್ಕೆ ಸಿಗಲಿ. ಕುತ್ತಿಗೆ ತಿರುಗಿಸಿ ಹಿಂದೆ ನೋಡುವುದು ಕಷ್ಟವಾಗಿದ್ದರೆ ಬಲಗೈ ಹಿಡಿಯ ತುದಿಗೆ ಕನ್ನಡಿ ಹಾಕಿಸಿ. ಮನೆಯಲ್ಲಿ ಗೋಡೆಯ ಪಕ್ಕ ಒಂಟಿಕಾಲಿನಲ್ಲಿ ಹತ್ತು ಸೆಕೆಂಡ್ ನಿಲ್ಲುತ್ತಾರೆಯೇ, ಕೈ ಊರದೆ ಕುರ್ಚಿಯಿಂದ ಏಳುತ್ತಾರೆಯೇ ನೋಡಿ. ಎರಡೂ ಆಗದಿದ್ದರೆ ಸೈಕಲ್‌ಗೆ ಮೊದಲು ಆ ಅಭ್ಯಾಸವೇ ಆಗಬೇಕು. ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ, ಬಿದ್ದು ತಲೆಗೆ ಪೆಟ್ಟಾದಾಗ ನೋವಿಲ್ಲದಿದ್ದರೂ ಅಂದೇ ಆಸ್ಪತ್ರೆಗೆ ಹೋಗಬೇಕು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಇದ್ದರೆ ಕಿಸೆಯಲ್ಲಿ ಗ್ಲೂಕೋಸ್ ಇರಲಿ.

ಮಲ್ಪೆ ರಸ್ತೆಯಲ್ಲಿ ಅವರಿಗೆ ಮಳೆಯಷ್ಟೇ ಎಚ್ಚರ ಬೇಕಾದದ್ದು ಮೀನಿನ ಲಾರಿಗಳಿಂದ ಸೋರುವ ನೀರು. ಒಣ ದಿನದಲ್ಲೂ ಅದು ರಸ್ತೆಯನ್ನು ಜಾರುವಂತೆ ಮಾಡುತ್ತದೆ, ತಿರುವುಗಳಲ್ಲಿ ವಿಶೇಷವಾಗಿ. ಅದೃಷ್ಟಕ್ಕೆ ಅವರ ಕೆಲಸದ ಕ್ರಮವೇ ಅವರಿಗೆ ಅನುಕೂಲವಾಗಿದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ, ಆಗ ಐಸ್ ಪ್ಲಾಂಟಿನಲ್ಲೂ ಕೆಲಸ ಕಡಿಮೆ ಇರುತ್ತದೆ. ಭಾರಿ ಮಳೆಯ ವಾರಗಳೂ ಅವೇ. ಆ ಎರಡು ತಿಂಗಳು ಅವರು ಸೈಕಲ್ ಮುಟ್ಟದಿದ್ದರೂ ಲೆಕ್ಕ ನಿಲ್ಲುವುದಿಲ್ಲ. ಆದರೆ ಅಷ್ಟು ದಿನ ಕುಳಿತು, ಆಗಸ್ಟಿನ ಮೊದಲ ದಿನವೇ ಹಳೆಯ ವೇಗದಲ್ಲಿ ಹೊರಡುವುದು ಬೇಡ. ಎಪ್ಪತ್ತು ದಾಟಿದ ಸ್ನಾಯು ಎರಡು ತಿಂಗಳಲ್ಲಿ ಬಹಳ ಕಳೆದುಕೊಳ್ಳುತ್ತದೆ. ರಜೆಯುದ್ದಕ್ಕೂ ದಿನವೂ ಕುರ್ಚಿಯಿಂದ ಎದ್ದು ಕೂರುವುದು, ಜಗಲಿಯ ಮೆಟ್ಟಿಲು ಹತ್ತಿಳಿಯುವುದು, ಮಳೆ ಬಿಟ್ಟಾಗ ನಡಿಗೆ ಇವು ನಿಲ್ಲದಿರಲಿ. ಸೈಕಲ್ ಮೂಳೆಗೆ ಭಾರ ಕೊಡುವುದಿಲ್ಲವಾದ್ದರಿಂದ ನಡಿಗೆ ಹೇಗೂ ಬೇಕು.

ಕಣ್ಣಿನ ವಿಷಯದಲ್ಲಿ ಮಾತ್ರ ನಾನು ರಾಜಿಯಾಗುವುದಿಲ್ಲ. ಒಂದು ಕಣ್ಣಿನ ಪೊರೆ ತೆಗೆದು ಇನ್ನೊಂದು ಹಾಗೇ ಇರುವಾಗ ಎರಡು ಕಣ್ಣಿನ ನೋಟ ಹೊಂದುವುದಿಲ್ಲ, ದೂರದ ಅಂದಾಜು ತಪ್ಪುತ್ತದೆ. ಬಾಕಿ ಇರುವ ಪೊರೆ ಎದುರು ಬರುವ ದೀಪದ ಬೆಳಕನ್ನು ಚದುರಿಸಿ ರಸ್ತೆಯನ್ನೇ ಮುಚ್ಚಿಬಿಡುತ್ತದೆ. ಎರಡನೆಯ ಶಸ್ತ್ರಚಿಕಿತ್ಸೆಯನ್ನು ಮೀನುಗಾರಿಕೆ ನಿಷೇಧದ ಜೂನ್ ತಿಂಗಳಿಗೇ ಗೊತ್ತುಮಾಡಿ. ಗುಣವಾಗಲು ಬಿಡುವೂ ಸಿಗುತ್ತದೆ, ಕೆಲಸಕ್ಕೂ ತೊಂದರೆಯಿಲ್ಲ. ಅಲ್ಲಿಯವರೆಗೆ ಬೆಳಗ್ಗೆ ಏಳರ ನಂತರ ಹೊರಟು, ಸಂಜೆ ಐದರೊಳಗೆ ಮನೆ ಸೇರುವ ಹಾಗಿದ್ದರೆ ಮಾತ್ರ ಸೈಕಲ್. ಇದನ್ನು ನೀವು ಹೇಳುವುದಕ್ಕಿಂತ ಅವರ ಕಣ್ಣಿನ ವೈದ್ಯರ ಬಾಯಿಂದ ಹೇಳಿಸಿ. ನೀವು ಅವರ ಜೊತೆಗೆ ಹೋಗಿ, ಪ್ರಶ್ನೆಯನ್ನು ಅವರ ಎದುರಿಗೇ ಕೇಳಿ: "ಕತ್ತಲಲ್ಲಿ ಇವರು ಸೈಕಲ್ ತುಳಿಯಬಹುದೇ?"